ಲಿಂಫೆಡೀಮಾ: ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಕೈ ಊದುವುದು ಯಾಕೆ?

ಸ್ತನ ಕ್ಯಾನ್ಸರ್ ಆಪರೇಷನ್ ಮುಗಿಸಿ ಮನೆಗೆ ಬಂದವರಿಗೆ ಬುದ್ಧಿ ಹೇಳುವವರಿಗೇನೂ ಬರವಿಲ್ಲ. ಆ ಕೈಯಲ್ಲಿ ಕೊಡ ಎತ್ತಬೇಡ, ಬಟ್ಟೆ ಹಿಂಡಬೇಡ, ಬಿಪಿ ನೋಡಿಸಬೇಡ, ವಿಮಾನ ಹತ್ತಬೇಡ. ಇಷ್ಟೆಲ್ಲ 'ಬೇಡ'ಗಳ ಹಿಂದಿರುವ ಹೆದರಿಕೆಯ ಹೆಸರು ಲಿಂಫೆಡೀಮಾ. ಆಪರೇಷನ್ ಆದ ಕಡೆಯ ಕೈ, ಕೆಲವರಿಗೆ ಎದೆಯ ಪಕ್ಕವೂ, ಊದಿಕೊಂಡು ಹಾಗೇ ಉಳಿದುಬಿಡುವ ತೊಂದರೆ ಇದು.

ರಕ್ತನಾಳಗಳಿಂದ ದ್ರವವೂ ಪ್ರೋಟೀನೂ ಸ್ವಲ್ಪಸ್ವಲ್ಪವೇ ಹೊರಗೆ ಜಿನುಗುತ್ತಿರುತ್ತವೆ. ಅದನ್ನು ಹೀರಿ ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ, ಅಂದರೆ ಲಿಂಫ್ ನಾಳಗಳ, ಕೆಲಸ. ಕೈಯ ದುಗ್ಧನಾಳಗಳು ಹೆಚ್ಚಾಗಿ ಕಂಕುಳಿನ ಗ್ರಂಥಿಗಳನ್ನು ಹಾದೇ ಹೋಗಬೇಕು. ಸ್ತನದ ಕ್ಯಾನ್ಸರ್ ಮೊದಲು ಹರಡುವುದೂ ಸಾಮಾನ್ಯವಾಗಿ ಅಲ್ಲಿಗೇ, ಅದಕ್ಕೇ ಸರ್ಜನ್ ಆ ಗ್ರಂಥಿಗಳನ್ನು ತೆಗೆಯುತ್ತಾರೆ. ಆಮೇಲೆ ರೇಡಿಯೇಷನ್ ಬಿದ್ದರೆ ಉಳಿದ ನಾಳಗಳೂ ಗಡುಸಾಗಬಹುದು. ಹೋಗಲು ದಾರಿ ಸಾಲದೆ ದ್ರವ ಕೈಯಲ್ಲೇ ನಿಲ್ಲುತ್ತದೆ. ನಮಗೆ ಗೊತ್ತಿರುವ ಆನೆಕಾಲು ರೋಗದ್ದೂ ಇದೇ ಕಥೆ. ಅಲ್ಲಿ ನಾಳ ಕೆಡಿಸುವುದು ಫೈಲೇರಿಯಾ ಹುಳು, ಇಲ್ಲಿ ಚಿಕಿತ್ಸೆ.

ಎಷ್ಟು ಗ್ರಂಥಿ ತೆಗೆದರು ಅನ್ನುವುದೇ ಇಲ್ಲಿ ದೊಡ್ಡ ವಿಷಯ. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊದಿತ್ತು. ಸೆಂಟಿನೆಲ್ ಬಯಾಪ್ಸಿ ಮಾತ್ರ ಮಾಡಿಸಿಕೊಂಡವರಲ್ಲಿ 100ಕ್ಕೆ ಆರು ಮಂದಿಗಿಂತ ಕಡಿಮೆ. ಈ ಬಯಾಪ್ಸಿಯಲ್ಲಿ ಸ್ತನಕ್ಕೆ ನೀಲಿ ಬಣ್ಣವನ್ನೋ ವಿಕಿರಣವಿರುವ ದ್ರವವನ್ನೋ ಚುಚ್ಚುತ್ತಾರೆ. ಅದು ಮೊದಲು ಹೋಗಿ ಸೇರುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೆ. ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. 'ನನಗೆ ಇಷ್ಟೇ ಸಾಕಾಗುತ್ತಾ ಡಾಕ್ಟ್ರೇ?' ಅಂತ ಆಪರೇಷನ್‌ಗೆ ಮುಂಚೆಯೇ ಕೇಳಬೇಕು. ಸಂಕೋಚಪಟ್ಟು ಸುಮ್ನೆ ಕೂರಬಾರದು.

ಇನ್ನು ಆ 'ಬೇಡ'ಗಳು. ಭಾರ ಎತ್ತಬಾರದು ಅನ್ನುವುದನ್ನು ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ತಂಡ ಪರೀಕ್ಷೆಗೇ ಒಡ್ಡಿತು. ತೀರಾ ಹಗುರದಿಂದ ಶುರುಮಾಡಿ, ಹೇಳಿಕೊಡುವವರ ಎದುರಿಗೇ, ನಿಧಾನಕ್ಕೆ ತೂಕ ಹೆಚ್ಚಿಸುತ್ತಾ ಹೋದರು. 2010ರಲ್ಲಿ ಫಲಿತಾಂಶ ಬಂತು. ಐದು ಅಥವಾ ಅದಕ್ಕಿಂತ ಜಾಸ್ತಿ ಗ್ರಂಥಿ ತೆಗೆಸಿಕೊಂಡವರಲ್ಲಿ, ತೂಕ ಎತ್ತದವರ ಪೈಕಿ 22% ಜನರಿಗೆ ಕೈ ಊದಿದ್ದರೆ, ಎತ್ತಿದವರಲ್ಲಿ 7% ಜನರಿಗೆ ಮಾತ್ರ. ಸ್ನಾಯು ಆಡಿದಾಗಲೇ ಅಲ್ವಾ ದ್ರವ ಮುಂದಕ್ಕೆ ಸಾಗುವುದು! ಹಾಗಂತ ಮೊದಲ ವಾರವೇ ತುಂಬಿದ ಕೊಡ ಎತ್ತಿ ಅಂತಲ್ಲ. ಫಿಸಿಯೋಥೆರಪಿಸ್ಟ್ ಹೇಳಿದಂತೆ ಶುರುಮಾಡಿ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬಿಪಿ ನೋಡುವುದಕ್ಕೂ, ರಕ್ತ ತೆಗೆಯುವುದಕ್ಕೂ, ವಿಮಾನ ಪ್ರಯಾಣಕ್ಕೂ, ಕೈ ಊದುವುದಕ್ಕೂ ನಂಟು ಕಾಣಲಿಲ್ಲ. ಇನ್ನೊಂದು ಕೈ ಇರುವಾಗ ಅದನ್ನೇ ಚಾಚುವುದು ಒಳ್ಳೆಯದೇ. ಆದರೆ ಎರಡೂ ಕಡೆ ಆಪರೇಷನ್ ಆದವರು ಪ್ರತಿ ಸೂಜಿಗೂ ನಡುಗಬೇಕಿಲ್ಲ.

ನಿಜವಾಗಿ ಹೆದರಬೇಕಾದ್ದು ಸೋಂಕಿಗೆ. ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಿರಿ, ಒಗ್ಗರಣೆ ಸಿಡಿಯಿತು, ಬೆಕ್ಕು ಪರಚಿತು ಅಂದುಕೊಳ್ಳಿ. ತಕ್ಷಣ ಸೋಪು ನೀರಿನಲ್ಲಿ ತೊಳೆದು ಔಷಧಿ ಹಚ್ಚಿ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ನಾಳೆ ನೋಡೋಣ ಅನ್ನದೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಪಾತ್ರೆ ತೊಳೆಯುವಾಗ, ಗಿಡಕ್ಕೆ ಮಣ್ಣು ಹಾಕುವಾಗ ಗ್ಲೌಸ್ ಇರಲಿ. ಚರ್ಮ ಒಣಗಿ ಬಿರುಕು ಬಿಡದಂತೆ ಕ್ರೀಮ್ ಹಚ್ಚುತ್ತಿರಿ. ದೇಹದ ತೂಕ ಜಾಸ್ತಿ ಇದ್ದರೆ ಅಪಾಯವೂ ಜಾಸ್ತಿ.

ಊತ ಒಮ್ಮೆಲೇ ಬರುವುದು ಕಡಿಮೆ. ದಿನಾ ಹಾಕುವ ಬಳೆ ಬಿಗಿಯಾಗುತ್ತದೆ, ಬ್ಲೌಸಿನ ತೋಳು ಚರ್ಮದ ಮೇಲೆ ಗೆರೆ ಮೂಡಿಸುತ್ತದೆ, ಸಂಜೆ ಹೊತ್ತಿಗೆ ಕೈ ಭಾರ ಅನ್ನಿಸುತ್ತದೆ. ಹೆಚ್ಚಿನವರಿಗೆ ಮೊದಲ ಎರಡು ಮೂರು ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ಎಷ್ಟೋ ವರ್ಷ ಬಿಟ್ಟು. ಆಪರೇಷನ್‌ಗೆ ಮೊದಲೇ ಎರಡೂ ಕೈಗಳ ಅಳತೆಯನ್ನು ಟೇಪಿನಲ್ಲಿ ತೆಗೆಸಿ ಬರೆದಿಟ್ಟುಕೊಂಡರೆ ಆಮೇಲೆ ಹೋಲಿಸಲು ಸುಲಭ.

ಶುರುವಿನಲ್ಲೇ ಹಿಡಿದರೆ ಊತವನ್ನು ಬಹಳ ಮಟ್ಟಿಗೆ ಇಳಿಸಬಹುದು. ಅದಕ್ಕೆ ಬಿಗಿ ಬ್ಯಾಂಡೇಜ್, ಅಳತೆಗೆ ತಕ್ಕ ಕಂಪ್ರೆಷನ್ ತೋಳು (ಕೈಯನ್ನು ಒತ್ತಿ ಹಿಡಿಯುವ ಬಿಗಿಯಾದ ತೋಳುಚೀಲ), ಕಲಿತವರು ಮಾಡುವ ಮೃದುವಾದ ಮಸಾಜ್, ವ್ಯಾಯಾಮ ಇವೆ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ಪ್ರಯೋಜನವಿಲ್ಲ. ಅದು ನೀರನ್ನಷ್ಟೇ ಹೊರಹಾಕುತ್ತದೆ, ಪ್ರೋಟೀನ್ ಕೈಯಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ.