ಆಫ್ರಿಕಾನರ್ ಅಂದ್ರೆ ಯಾರು?

ಆಫ್ರಿಕನ್, ಆಫ್ರಿಕಾನರ್, ಆಫ್ರಿಕಾನ್ಸ್. ಓದುವಾಗ ಈ ಮೂರೂ ಕಲಸಿಹೋಗುತ್ತವೆ, ಅಲ್ವಾ? ಆಫ್ರಿಕನ್ ಅಂದ್ರೆ ಆ ಖಂಡದ ಯಾರಾದರೂ ಸರಿ. ಆಫ್ರಿಕಾನ್ಸ್ ಒಂದು ಭಾಷೆ, ಡಚ್ಚಿನಿಂದ ಬೆಳೆದದ್ದು. ಅದನ್ನು ಮನೆಯಲ್ಲಿ ಆಡುವ, ದಕ್ಷಿಣ ಆಫ್ರಿಕಾದ ಬಿಳಿಯ ಜನ ಆಫ್ರಿಕಾನರ್‌ಗಳು.

ಆದರೆ ಪದದ ಅರ್ಥ ನೋಡಿ: ಡಚ್ಚಿನಲ್ಲಿ ಅದು ಸುಮ್ನೆ 'ಆಫ್ರಿಕಾದವನು' ಅಷ್ಟೇ. 1652ರಲ್ಲಿ ಯಾನ್ ವಾನ್ ರೀಬೆಕ್ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ಬಂದಿಳಿದ. ಆಮೇಲಿನ ವರ್ಷಗಳಲ್ಲಿ ಈ ಹೆಸರು ಬಿಳಿಯರಿಗೆ ಮೀಸಲಾಗಿರಲಿಲ್ಲ. ಅಲ್ಲೇ ಹುಟ್ಟಿದ ಗುಲಾಮರನ್ನೂ ಮಿಶ್ರ ಮೂಲದವರನ್ನೂ ಹಾಗೆ ಕರೆಯುತ್ತಿದ್ದರು. ನಮೀಬಿಯಾದ ವಿಂಡ್‌ಹುಕ್‌ನಲ್ಲಿ 1840ರ ಸುಮಾರಿಗೆ ನೆಲೆ ನಿಂತ ಯೋಂಕರ್ ಆಫ್ರಿಕಾನರ್ ಬಿಳಿಯನಲ್ಲ, ಊರ್ಲಾಮ್ ಅನ್ನುವ ಮಿಶ್ರ ಮೂಲದ ಜನರ ನಾಯಕ. ಅವನ ಮನೆತನದ ಹೆಸರೇ ಅದು.

ಯುರೋಪಿನ ಮೂಲದವನೊಬ್ಬ ತನ್ನನ್ನು ಹೀಗೆ ಕರೆದುಕೊಂಡ ಮೊದಲ ದಾಖಲೆ ಅಂತ ಎಲ್ಲರೂ ಹೇಳುವುದು 1707ರ ಘಟನೆ. ಕೇಪ್‌ನ ಸ್ಟೆಲೆನ್‌ಬಾಷ್ ಊರಿನಲ್ಲಿ ಹೆಂಡ್ರಿಕ್ ಬೀಬಾವ್ ಅನ್ನುವ ಹುಡುಗ ಗೆಳೆಯರ ಜೊತೆ ಕುಡಿದು ಗಲಾಟೆ ಮಾಡಿದ. ಅಧಿಕಾರಿ ಹೊಡೆದು, ಇಲ್ಲಿಂದ ಹೋಗು ಅಂದಾಗ ಅವನು ಜಗ್ಗಲಿಲ್ಲ. ನಾನು ಹೋಗಲ್ಲ, ನಾನು ಆಫ್ರಿಕಾಂಡರ್ ಅಂದುಬಿಟ್ಟ. 'ಡ' ಇರುವ ಹಳೆಯ ರೂಪ ಅದು. ನನಗಂತೂ ಇದು ಬಹಳ ಮುಖ್ಯ ಅನ್ನಿಸುತ್ತದೆ, ಯಾಕಂದ್ರೆ ಅವನು ಹಾಲೆಂಡಿನ ಹೆಸರು ಹೇಳಲಿಲ್ಲ, ಕಾಲಡಿಯ ನೆಲದ ಹೆಸರು ಹೇಳಿದ.

ಇದು ಒಂದು ಜನಾಂಗದ ಹೆಸರಾಗಿ ಗಟ್ಟಿಯಾದದ್ದು ತುಂಬಾ ತಡವಾಗಿ. 1875ರಲ್ಲಿ ಪಾರ್ಲ್ ಊರಿನಲ್ಲಿ 'ನಿಜವಾದ ಆಫ್ರಿಕಾನರ್‌ಗಳ ಸಂಘ' ಹುಟ್ಟಿತು. ಇಂಗ್ಲಿಷ್ ಮನಸ್ಸಿನವರು, ಡಚ್ ಮನಸ್ಸಿನವರು, ಆಫ್ರಿಕಾನ್ಸ್ ಮನಸ್ಸಿನವರು ಅಂತ ಮೂರು ಬಗೆಯ ಆಫ್ರಿಕಾನರ್‌ಗಳಿದ್ದಾರೆ, ಕೊನೆಯವರೇ ನಿಜವಾದವರು ಅಂತ ಆ ಸಂಘ ಹೇಳಿತು. ಅಂದರೆ ಒಂದು ಊರು-ನೆಲದ ಹೆಸರಿಗೆ ಭಾಷೆಯ ಬೇಲಿ ಬಿತ್ತು. ಆಫ್ರಿಕಾನ್ಸ್‌ಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1925ರಲ್ಲಿ.

ಬೋಯರ್ ಅನ್ನುವುದು ಬೇರೆ ಪದ, ರೈತ ಅಂತ ಅದರ ಅರ್ಥ; ಅಲ್ಲಿನ ಡಚ್ ಮೂಲದ ರೈತರನ್ನು ಹಾಗೆ ಕರೆಯುತ್ತಿದ್ದರು. ಎರಡನ್ನೂ ಒಂದೇ ಅಂತ ಬರೆಯಬೇಡಿ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್‌ಗಳಿಗೂ ಬ್ರಿಟಿಷರಿಗೂ ನಡೆದ ಯುದ್ಧದಲ್ಲಿ ಬ್ರಿಟಿಷರು ಸೆರೆ ಹಿಡಿದ ಬೋಯರ್‌ಗಳಲ್ಲಿ ಕೆಲವರನ್ನು ನಮ್ಮ ಬಳ್ಳಾರಿಯಲ್ಲೂ ಇಟ್ಟಿದ್ದರು. ಆಗ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಇವತ್ತು ಆಫ್ರಿಕಾನ್ಸ್ ಮನೆಮಾತಾಗಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಳಿಯರಲ್ಲ. ಭಾಷೆ ಅದೇ, ನೆಲ ಅದೇ, ಆದರೂ ಅವರನ್ನು ಸಾಮಾನ್ಯವಾಗಿ ಯಾರೂ ಆಫ್ರಿಕಾನರ್ ಅನ್ನುವುದಿಲ್ಲ.