ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತ: ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಅದನ್ನು ಓದುವ ಬಗೆ

ಶ್ವಾಸಕೋಶದ ಕ್ಯಾನ್ಸರ್ ಇರುವವರ ರಕ್ತಪರೀಕ್ಷೆಯ ವರದಿಯಲ್ಲಿ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಎಣಿಕೆ ಇರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಮೊದಲನೆಯದು 7500, ಎರಡನೆಯದು 1500 ಇದೆ ಎಂದುಕೊಳ್ಳೋಣ. ಭಾಗಿಸಿದರೆ 5 ಬರುತ್ತದೆ. ಈ ಅನುಪಾತ ಹೆಚ್ಚಿರುವವರು, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿ ಪಡೆದರೂ ಬದುಕುಳಿಯುವ ಅವಧಿ ಸರಾಸರಿಯಲ್ಲಿ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಇದಕ್ಕೆ ಕಾರಣ ಉರಿಯೂತ. ಗಡ್ಡೆ ಮತ್ತು ಅದರ ಸುತ್ತಲಿನ ಅಂಗಾಂಶ ಸ್ರವಿಸುವ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನ್ ಯಕೃತ್ತನ್ನು ತಲುಪಿದಾಗ ರಕ್ತದಲ್ಲಿ ಉರಿಯೂತದ ಗುರುತಾದ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ಏರುತ್ತದೆ. ಇಂತಹವೇ ಬೇರೆ ಸಂಕೇತಗಳಿಂದ ಮೂಳೆಮಜ್ಜೆ ಹೆಚ್ಚು ನ್ಯೂಟ್ರೋಫಿಲ್‌ಗಳನ್ನು ಹೊರಬಿಡುತ್ತದೆ. ಇವುಗಳಲ್ಲಿ ಕೆಲವು ಗಡ್ಡೆಗೆ ಹೊಸ ರಕ್ತನಾಳ ಮೂಡಲು ನೆರವಾಗುವುದಲ್ಲದೆ, ಲಿಂಫೋಸೈಟ್‌ಗಳ ಪೈಕಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ-ಕಣಗಳನ್ನು ಹತ್ತಿಕ್ಕುತ್ತವೆ. ಇಮ್ಯುನೊಥೆರಪಿ ನೆಚ್ಚಿಕೊಂಡಿರುವುದು ಆ ಟಿ-ಕಣಗಳನ್ನೇ. ಅವುಗಳ ಮೇಲಿರುವ ಪಿಡಿ-1 ಎಂಬ ತಡೆಯನ್ನು ಕ್ಯಾನ್ಸರ್ ಕೋಶದ ಪಿಡಿ-ಎಲ್1 ಎಂಬ ಪ್ರೋಟೀನ್ ಒತ್ತಿ ಹಿಡಿಯುತ್ತದೆ, ಔಷಧ ಆ ಹಿಡಿತವನ್ನು ಬಿಡಿಸುತ್ತದೆ. ಇಂತಹ ತಡೆಗಳನ್ನು ತೆಗೆಯುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದಿತು.

ಬಯಾಪ್ಸಿಯಲ್ಲಿ ಶೇ. 50 ಅಥವಾ ಅದಕ್ಕೂ ಹೆಚ್ಚು ಕ್ಯಾನ್ಸರ್ ಕೋಶಗಳಲ್ಲಿ ಪಿಡಿ-ಎಲ್1 ಕಂಡುಬಂದು, ಗಡ್ಡೆಯನ್ನು ಬೆಳೆಸುವ ಇಜಿಎಫ್‌ಆರ್, ಎಎಲ್‌ಕೆ ಜೀನ್ ಬದಲಾವಣೆಗಳು ಇಲ್ಲದಿದ್ದರೆ, ಕೀಮೋಥೆರಪಿಯಿಲ್ಲದೆ ಇಮ್ಯುನೊಥೆರಪಿಯನ್ನಷ್ಟೇ ಕೊಡುವ ಆಯ್ಕೆ ವೈದ್ಯರ ಮುಂದಿರುತ್ತದೆ. ಆದರೂ ಅಂಥವರಲ್ಲಿ ಅನೇಕರಿಗೆ ಔಷಧ ನಾಟುವುದಿಲ್ಲ. ಸೂಜಿಯ ತುದಿಯಲ್ಲಿ ಬಂದ ಚೂರು ಇಡೀ ಗಡ್ಡೆಯ ಸ್ಥಿತಿಯನ್ನು ಹೇಳಲಾರದು.

ಹಾಗಾದರೆ ರಕ್ತದ ಅನುಪಾತವನ್ನೇ ನಂಬಬಹುದೇ? ಇಲ್ಲಿ ಎಚ್ಚರ ಅಗತ್ಯ. ಅನುಪಾತ ಹೆಚ್ಚಿದ್ದವರ ಸ್ಥಿತಿ ಕೀಮೋಥೆರಪಿಯಲ್ಲೂ ಹಿನ್ನಡೆ ಕಾಣುತ್ತದೆ. ಅಂದರೆ ಅದು ರೋಗದ ತೀವ್ರತೆಯನ್ನು ಹೇಳುತ್ತದೆಯೇ ಹೊರತು ಯಾವ ಔಷಧ ಯಾರಿಗೆ ಹಿಡಿಸುತ್ತದೆ ಎಂಬುದನ್ನು ಖಚಿತವಾಗಿ ಹೇಳುವುದಿಲ್ಲ. ಆ ಒಂದೇ ಅಂಕಿಯನ್ನು ನೋಡಿ ಚಿಕಿತ್ಸೆ ನಿರಾಕರಿಸುವುದು ತಪ್ಪೆಂದೇ ನನ್ನ ಭಾವನೆ. ಕ್ಯಾನ್ಸರ್ ಮಿದುಳಿಗೆ ಹರಡಿ ಬಂದ ಊತಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಹರಿವಿಗೆ ಬೀಳುತ್ತವೆ, ಲಿಂಫೋಸೈಟ್‌ಗಳು ಇಳಿಯುತ್ತವೆ. ಒಂದೇ ದಿನದಲ್ಲಿ ಅನುಪಾತ ಏರಿದರೂ ಕ್ಯಾನ್ಸರ್ ಇದ್ದಂತೆಯೇ ಇರುತ್ತದೆ. ನ್ಯುಮೋನಿಯಾ ಬಂದರೂ ಹೀಗೆಯೇ.

ಉರಿಯೂತವನ್ನೇ ತಗ್ಗಿಸುವ ಪ್ರಯತ್ನವೂ ನಡೆದಿದೆ. ಹಿಂದೆ ಹೃದಯಾಘಾತವಾಗಿ, ಸಿಆರ್‌ಪಿ ಹೆಚ್ಚಿದ್ದವರಿಗೆ ಉರಿಯೂತ ತಗ್ಗಿಸುವ ಕೆನಕಿನುಮ್ಯಾಬ್ ಎಂಬ ಔಷಧ ಕೊಟ್ಟ ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿ ಕಂಡಿತೆಂದು 2017ರಲ್ಲಿ ಪ್ರಕಟವಾದಾಗ ದೊಡ್ಡ ಆಸೆ ಹುಟ್ಟಿತು. ಆದರೆ ಆಗಲೇ ಕ್ಯಾನ್ಸರ್ ಬೇರೂರಿದ್ದವರಿಗೆ ಇಮ್ಯುನೊಥೆರಪಿ ಮತ್ತು ಕೀಮೋಥೆರಪಿಯ ಜೊತೆ ಅದೇ ಔಷಧವನ್ನು ಸೇರಿಸಿ ಕೊಟ್ಟಾಗ ಅವರ ಆಯಸ್ಸು ಗಮನಾರ್ಹವಾಗಿ ಹೆಚ್ಚಲಿಲ್ಲ.