ಅಂಗಡಿ ಖಾತೆಯಿಂದ ಬ್ಯಾಂಕು ಕಟ್ ಮಾಡಿದ ಹಣ ವಾಪಸ್ ಬರುತ್ತದೆಯೇ?

ಪ್ರಶ್ನೆ: ಸುಂಟಿಕೊಪ್ಪದಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಜೇನು, ಕರಿಮೆಣಸು, ಕಾಫಿಪುಡಿ ಮಾರುತ್ತೇವೆ. ಮಳೆಗಾಲ ಮುಗಿದ ಮೇಲೆ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಕರೆಂಟ್ ಅಕೌಂಟಿನಿಂದ ₹1,770 ಕಟ್ ಆಗಿದೆ. ಬ್ಯಾಂಕಿನಲ್ಲಿ ಕೇಳಿದ್ದಕ್ಕೆ ‘ಇದು ಆರ್‌ಬಿಐ ರೂಲು, ಸಿಸ್ಟಮ್ಮೇ ಕಟ್ ಮಾಡುತ್ತೆ, ನಾವೇನೂ ಮಾಡೋಕಾಗಲ್ಲ’ ಅಂದರು. ಹೋದ ದುಡ್ಡು ವಾಪಸ್ ಬರುತ್ತದೆಯೇ ಸಾರ್?

ಉತ್ತರ: ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆಯೂ ಬಂತು. ಹೋದ ವರ್ಷವೂ ಬರೆದಿದ್ದೆ, ಅದರ ಹಿಂದಿನ ವರ್ಷವೂ ಬರೆದಿದ್ದೆ. ನಮ್ಮ ಜಿಲ್ಲೆಯ ದುಡ್ಡಿನ ಲೆಕ್ಕ ನಿಮಗೂ ಗೊತ್ತಿರುವುದೇ. ಕಾಫಿ, ಮೆಣಸು ಕೈಗೆ ಬರುವ ತಿಂಗಳುಗಳಲ್ಲಿ ಖಾತೆ ತುಂಬಿರುತ್ತದೆ. ಮಳೆ ಹಿಡಿದರೆ ಗಿರಾಕಿ ಇಲ್ಲ, ಹೋಂಸ್ಟೇ ಖಾಲಿ, ತೋಟದ ಕೂಲಿ ಮಾತ್ರ ನಿಲ್ಲುವುದಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಸರಾಸರಿ ಬ್ಯಾಲೆನ್ಸ್ ಬ್ಯಾಂಕು ಹೇಳಿದ ಕನಿಷ್ಠಕ್ಕಿಂತ ಕೆಳಗೆ ಕುಸಿದು ದಂಡ ಬೀಳುತ್ತದೆ. ನಿಮ್ಮ ₹1,770ರಲ್ಲಿ ದಂಡ ₹1,500, ಅದರ ಮೇಲೆ ಶೇ 18 ಜಿಎಸ್‌ಟಿ ₹270 ಇರಬೇಕು. ಲೆಕ್ಕ ಸರಿಯಾಗಿ ಕೂರುತ್ತದೆ.

ಉತ್ತರ ಇಷ್ಟೇ: ತಪ್ಪಾಗಿ ಕಟ್ ಆಗಿದ್ದರೆ ವಾಪಸ್ ಬರುತ್ತದೆ. ಜಾಸ್ತಿಯಾಯಿತು ಅನ್ನಿಸಿದ ಮಾತ್ರಕ್ಕೆ ಬರುವುದಿಲ್ಲ. ನನ್ನ ಹತ್ತಿರ ಬರುವ ಹತ್ತು ಅರ್ಜಿಗಳಲ್ಲಿ ಎಂಟು ಈ ಎರಡನ್ನೂ ಕಲಸಿಟ್ಟಿರುತ್ತವೆ, ಹಾಗಾಗಿ ಬಿದ್ದುಹೋಗುತ್ತವೆ.

ಅದಕ್ಕೂ ಮೊದಲು ಈ ‘ಆರ್‌ಬಿಐ ರೂಲು’ ಅನ್ನುವ ಮಾತನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. ಕೌಂಟರಿನಲ್ಲಿ ಕೂತ ಹುಡುಗರು ಬೇಕೆಂದು ಸುಳ್ಳು ಹೇಳುತ್ತಾರೆ ಅನ್ನುತ್ತಿಲ್ಲ. ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದಾರೆ, ಅವರು ನಿಮಗೆ ದಾಟಿಸುತ್ತಿದ್ದಾರೆ. ಆದರೆ ಕರೆಂಟ್ ಅಕೌಂಟಿನಲ್ಲಿ ಎಷ್ಟು ಹಣ ಇಟ್ಟಿರಬೇಕು, ಇಡದಿದ್ದರೆ ಎಷ್ಟು ದಂಡ ಎಂದು ರಿಸರ್ವ್ ಬ್ಯಾಂಕ್ ಎಲ್ಲಿಯೂ ರೇಟು ಕಟ್ಟಿಲ್ಲ. ಒಂದು ಕಾಲದಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಎಲ್ಲ ಬ್ಯಾಂಕುಗಳಿಗೂ ಸೇರಿಸಿ ಶುಲ್ಕದ ಪಟ್ಟಿ ಮಾಡುತ್ತಿತ್ತು. 1999ರ ಸೆಪ್ಟೆಂಬರ್‌ನಲ್ಲಿ ಆ ಪದ್ಧತಿ ನಿಂತಿತು. ಅಂದಿನಿಂದ ಶುಲ್ಕ ನಿಗದಿ ಮಾಡುವುದು ಆಯಾ ಬ್ಯಾಂಕಿನ ಆಡಳಿತ ಮಂಡಳಿ. ಶುಲ್ಕ ನ್ಯಾಯವಾಗಿರಲಿ, ಅದರ ಪಟ್ಟಿಯನ್ನು ಶಾಖೆಯಲ್ಲೂ ವೆಬ್‌ಸೈಟಿನಲ್ಲೂ ಎಲ್ಲರಿಗೂ ಕಾಣುವಂತೆ ಹಾಕಿ ಎನ್ನುವುದು ಆರ್‌ಬಿಐ ಹೇಳಿರುವ ಮಾತು. ಅನುಮಾನ ಇದ್ದರೆ ಗೋಣಿಕೊಪ್ಪಲಿನ ಮುಖ್ಯ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ನಾಲ್ಕು ಬ್ಯಾಂಕಿನಲ್ಲಿ ಕರೆಂಟ್ ಅಕೌಂಟಿನ ದಂಡ ಎಷ್ಟು ಎಂದು ಕೇಳಿ. ಆರ್‌ಬಿಐ ರೇಟಾಗಿದ್ದರೆ ನಾಲ್ಕೂ ಕಡೆ ಒಂದೇ ಉತ್ತರ ಬರಬೇಕಿತ್ತಲ್ಲವೇ?

ಶುಲ್ಕದ ವಿಷಯದಲ್ಲಿ ಮೇಲಿನಿಂದ ನಿಯಮ ಬಂದಿರುವ ಕಡೆಗಳನ್ನು ನೋಡಿದರೆ, ಹೆಚ್ಚಿನವು ಬ್ಯಾಂಕಿನ ಕೈ ಕಟ್ಟುವಂಥವು. ನಿಮ್ಮ ಖಾತೆಗೆ ಬೇರೆಯವರು ನೆಫ್ಟ್ ಮೂಲಕ ಕಳಿಸಿದ ಹಣಕ್ಕೆ ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನೀವು ಕಳಿಸುವ ನೆಫ್ಟ್‌ಗೆ ಕರೆಂಟ್ ಅಕೌಂಟಿನಲ್ಲಿ ಶುಲ್ಕ ಹಾಕಬಹುದು, ಆದರೆ ಅದಕ್ಕೂ ಮಿತಿ ಇದೆ: 10,000ದವರೆಗೆ ₹2.50, ಎರಡು ಲಕ್ಷ ದಾಟಿದರೂ ₹25, ಜೊತೆಗೆ ಜಿಎಸ್‌ಟಿ. ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ನಿಮ್ಮ ಕ್ಯೂಆರ್‌ಗೆ ಯುಪಿಐ ಮಾಡಿದರೆ ವ್ಯಾಪಾರಿಯಿಂದ ಕಮಿಷನ್ ಹಿಡಿಯುವಂತಿಲ್ಲ ಎನ್ನುವುದು 2020ರ ಜನವರಿ 1ರಿಂದ ಕೇಂದ್ರ ಸರ್ಕಾರದ ನಿಯಮ. (ಸೌಂಡ್‌ಬಾಕ್ಸ್ ಬಾಡಿಗೆ ಬೇರೆ, ಅದಕ್ಕೆ ನೀವೇ ಒಪ್ಪಿ ತೆಗೆದುಕೊಂಡಿದ್ದೀರಿ.) ಎರಡು ವರ್ಷಕ್ಕೂ ಹೆಚ್ಚು ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಮಿನಿಮಂ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ. ಇವುಗಳಲ್ಲಿ ಯಾವುದಾದರೂ ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಕಂಡರೆ, ನಿಯಮ ನಿಮ್ಮ ಕಡೆಗಿದೆ.

ಇನ್ನು ‘ಸಿಸ್ಟಮ್ ಕಟ್ ಮಾಡುತ್ತೆ’. ಸಿಸ್ಟಮ್ಮಿಗೆ ಸ್ವಂತ ಬುದ್ಧಿ ಇಲ್ಲ. ನಿಮ್ಮ ಖಾತೆ ಯಾವ ಬಗೆಯದು ಎಂದು ಮನುಷ್ಯರು ಒಂದು ಕೋಡ್ ಹಾಕಿರುತ್ತಾರೆ, ಆ ಕೋಡಿಗೆ ತಕ್ಕ ಹಾಗೆ ಅದು ಕಟ್ ಮಾಡುತ್ತದೆ. ಕೋಡ್ ತಪ್ಪಿದ್ದರೆ ಪ್ರತಿ ತ್ರೈಮಾಸಿಕವೂ ತಪ್ಪದೆ ತಪ್ಪೇ ಕಟ್ ಆಗುತ್ತದೆ. ಕಟ್ ಮಾಡಿದ್ದನ್ನು ವಾಪಸ್ ಹಾಕುವ ದಾರಿಯೂ ಅದೇ ಸಿಸ್ಟಮ್ಮಿನಲ್ಲಿದೆ, ಅದಕ್ಕೆ ಮೇಲಧಿಕಾರಿಯ ಒಪ್ಪಿಗೆ ಬೇಕು, ಅಷ್ಟೇ. ಸಿದ್ದಾಪುರ ಕಡೆಯ ಒಬ್ಬ ಬೇಕರಿಯವರ ಖಾತೆಯನ್ನು ಬ್ಯಾಂಕು ಪತ್ರವನ್ನೂ ಕೊಡದೆ ಬೇರೆ ಬಗೆಗೆ ಬದಲಾಯಿಸಿತ್ತು. ಹಳೆಯದರಲ್ಲಿ ಉಚಿತವಿದ್ದ ನಗದು ಜಮೆಗೆ ಹೊಸದರಲ್ಲಿ ಶುಲ್ಕ. ನಾವಿಬ್ಬರೂ ಕೂತು ಹಳೆ ಅರ್ಜಿ ನಮೂನೆ, ಶುಲ್ಕದ ಪಟ್ಟಿ, ಸ್ಟೇಟ್‌ಮೆಂಟು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಐದು ಸಾಲಿನ ಪತ್ರ ಬರೆದೆವು. ಎರಡು ವಾರದೊಳಗೆ ಜಿಎಸ್‌ಟಿ ಸಮೇತ ವಾಪಸ್ ಬಂತು. ಆ ಪತ್ರದ ಜೆರಾಕ್ಸ್ ಇವತ್ತಿಗೂ ನನ್ನ ಹತ್ತಿರ ಇದೆ, ಬಂದವರಿಗೆಲ್ಲ ತೋರಿಸುತ್ತೇನೆ.

‘ಆರ್‌ಬಿಐ ರೂಲು’ ಅನ್ನುವುದರ ಉಲ್ಟಾ ಮಾತೂ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. 2014ರ ನವೆಂಬರ್ 20ರ ಆರ್‌ಬಿಐ ಸುತ್ತೋಲೆಯ ಪ್ರಕಾರ ದಂಡ ಹಾಕುವ ಮೊದಲು ಒಂದು ತಿಂಗಳು ನೋಟಿಸ್ ಕೊಡಬೇಕು, ದಂಡದಿಂದ ಬ್ಯಾಲೆನ್ಸ್ ಮೈನಸ್‌ಗೆ ಹೋಗಬಾರದು ಎಂದು. ಸುತ್ತೋಲೆ ನಿಜವೇ, ಆದರೆ ಅದು ಸೇವಿಂಗ್ಸ್ ಖಾತೆಗೆ. ಅದನ್ನು ಕರೆಂಟ್ ಅಕೌಂಟಿನ ಅರ್ಜಿಗೆ ಅಂಟಿಸಿದರೆ ಬ್ಯಾಂಕಿನವರು ಆ ಒಂದು ಸಾಲಿಗೆ ಉತ್ತರ ಬರೆದು ಫೈಲ್ ಮುಚ್ಚುತ್ತಾರೆ.

ನೀವು ಮಾಡಬೇಕಾದ್ದು: ಕಟ್ ಆದ ದಿನಾಂಕಕ್ಕೆ ಜಾರಿಯಲ್ಲಿದ್ದ ಶುಲ್ಕದ ಪಟ್ಟಿಯನ್ನು ಕೇಳಿ ಪಡೆಯಿರಿ, ಇವತ್ತಿನದಲ್ಲ. ನಿಮ್ಮ ಖಾತೆಯ ಬಗೆ ಯಾವುದೆಂದು ಬರೆಸಿಕೊಳ್ಳಿ. ಆಮೇಲೆ ಸರಾಸರಿಯನ್ನು ನೀವೇ ಲೆಕ್ಕ ಹಾಕಿ. ತಿಂಗಳ ಕೊನೆಯ ದಿನ ಹಣ ತುಂಬಿದರೆ ಆಯಿತು ಎಂದುಕೊಂಡವರು ಬಹಳ ಜನ ಇದ್ದಾರೆ. ಹಾಗಲ್ಲ, ಪ್ರತಿ ದಿನದ ಕೊನೆಯ ಬ್ಯಾಲೆನ್ಸ್ ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸಬೇಕು. ತಿಂಗಳಿಗೆ ₹10,000 ಸರಾಸರಿ ಬೇಕಿದ್ದರೆ, 30 ದಿನದ ತಿಂಗಳಲ್ಲಿ ಹತ್ತು ದಿನ ₹30,000 ಇದ್ದರೂ ಸಾಕು. ಕೊನೆಯ ದಿನ ಮಾತ್ರ ₹10,000 ಹಾಕಿದರೆ ಸರಾಸರಿ ₹333.

ಪಟ್ಟಿಗೂ ಕಟ್ ಆದದ್ದಕ್ಕೂ ತಾಳೆಯಾಗದಿದ್ದರೆ ಬರೆದು ಕೊಡಿ. ಪತ್ರದಲ್ಲಿ ‘ಅನ್ಯಾಯ’, ‘ಲೂಟಿ’ ಬೇಡ. ದಿನಾಂಕ, ಮೊತ್ತ, ಪಟ್ಟಿಯಲ್ಲಿರುವ ರೇಟು, ವಾಪಸ್ ಬರಬೇಕಾದ ಹಣ ಇಷ್ಟಿರಲಿ. ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಶಾಖೆಯಿಂದ ಹೊರಗೆ ಬರಬೇಡಿ. ಹಳೆಯ ಕಡಿತಗಳಿದ್ದರೆ ಸಾಮಾನ್ಯವಾಗಿ ಮೂರು ವರ್ಷದ ಹಿಂದಿನವರೆಗೆ ಕೇಳಬಹುದು.

ಬ್ಯಾಂಕು ಒಪ್ಪದಿದ್ದರೆ ಅಥವಾ 30 ದಿನ ಉತ್ತರವೇ ಕೊಡದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಿ. ಖರ್ಚಿಲ್ಲ, ವಕೀಲರು ಬೇಡ, ಅಂಗಡಿ ಖಾತೆ ಎಂದು ತಳ್ಳಿಹಾಕುವುದೂ ಇಲ್ಲ. ಆನ್‌ಲೈನ್‌ನಲ್ಲಿ ಕೊಡಬಹುದು, ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಗಡುವು ಇದೆ, ತಿಂಗಳುಗಟ್ಟಲೆ ಸುಮ್ಮನೆ ಕೂರಬೇಡಿ. ಒಂದು ಮಾತು ನೆನಪಿಡಿ: ಬ್ಯಾಂಕಿನ ವ್ಯಾವಹಾರಿಕ ತೀರ್ಮಾನಗಳನ್ನು ಓಂಬುಡ್ಸ್‌ಮನ್ ಪ್ರಶ್ನಿಸುವುದಿಲ್ಲ. ‘ದಂಡ ₹1,500 ಜಾಸ್ತಿಯಾಯಿತು’ ಎಂದರೆ ದೂರು ನಿಲ್ಲದು. ‘ಪಟ್ಟಿಯಲ್ಲಿ ₹500 ಇದೆ, ₹1,500 ಕಟ್ ಆಗಿದೆ’ ಎಂದರೆ ನಿಲ್ಲುತ್ತದೆ. ನಿಮ್ಮ ಖಾತೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿದ್ದರೆ ಈ ದಾರಿ ಇಲ್ಲ, ಅದು ಸಹಕಾರ ಇಲಾಖೆಗೆ ಸೇರಿದ್ದು.

ನೀವು ಕೇಳಲಿಲ್ಲ, ಆದರೂ ಆ ₹270ರ ಬಗ್ಗೆ ಹೇಳದೆ ಇರಲಾರೆ. ದಂಡ ಸರಿಯಾಗಿಯೇ ಬಿದ್ದಿದ್ದರೂ, ನಿಮ್ಮ ಅಂಗಡಿ ಜಿಎಸ್‌ಟಿ ನೋಂದಣಿಯಾಗಿ ಮಾರಾಟಕ್ಕೆ ತೆರಿಗೆ ಕಟ್ಟುತ್ತಿದ್ದರೆ ಬ್ಯಾಂಕು ಹಿಡಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ತೋರಿಸಿ, ನೀವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಡಿಮೆ ಮಾಡಿಕೊಳ್ಳಬಹುದು. ಅದಕ್ಕೆ ನಿಮ್ಮ ಜಿಎಸ್‌ಟಿ ನಂಬರ್ ಬ್ಯಾಂಕಿನಲ್ಲಿ ದಾಖಲಾಗಿರಬೇಕು. ನಾನು ಲೆಕ್ಕ ನೋಡುವ ಅಂಗಡಿಗಳಲ್ಲಿ ಅರ್ಧದಷ್ಟು ಜನ ನಂಬರ್ ಕೊಟ್ಟೇ ಇರಲಿಲ್ಲ, ವರ್ಷಗಟ್ಟಲೆ ಆ ತೆರಿಗೆ ಅವರ ಜಿಎಸ್‌ಟಿಆರ್-2ಬಿಯಲ್ಲಿ (ಹೀಗೆ ಕಡಿಮೆ ಮಾಡಿಕೊಳ್ಳಬಹುದಾದ ತೆರಿಗೆಯ ಪಟ್ಟಿ) ಕಾಣಿಸಿಯೇ ಇಲ್ಲ. ಕಾಂಪೊಸಿಷನ್‌ನಲ್ಲಿ (ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವ ಯೋಜನೆ) ಇರುವವರಿಗೂ, ಶೇ 5ರ ದರದಲ್ಲಿ ಕೋಣೆ ಕೊಡುವ ಹೋಂಸ್ಟೇಯವರಿಗೂ ಇದು ಸಿಗುವುದಿಲ್ಲ. ನಿಮಗೆ ಸಿಗುತ್ತದೆ ಎಂದಾದರೆ, ದೂರಿನ ಪತ್ರ ಕೊಡಲು ಹೋದ ದಿನವೇ ನೋಂದಣಿ ಪ್ರಮಾಣಪತ್ರದ ಪ್ರತಿಯನ್ನೂ ಕೊಟ್ಟು ಅದಕ್ಕೂ ಒಂದು ಸೀಲು ಹಾಕಿಸಿಕೊಂಡು ಬನ್ನಿ. ದಂಡ ವಾಪಸ್ ಬಂದರೆ ಅದರ ಜಿಎಸ್‌ಟಿಯೂ ಬಂದಿದೆಯೇ ನೋಡಿ. ಬಂದಿದ್ದು, ಆ ತೆರಿಗೆಯನ್ನು ನೀವು ಮೊದಲೇ ಹೂಡುವಳಿ ತೆರಿಗೆಯಾಗಿ ತೋರಿಸಿದ್ದರೆ, ರಿಟರ್ನ್‌ನಲ್ಲಿ ಅಷ್ಟನ್ನು ವಾಪಸ್ ತೋರಿಸಲು ನಿಮ್ಮ ಲೆಕ್ಕದವರಿಗೆ ಹೇಳಿ.